ದೇವರಿಲ್ಲದ ಧರ್ಮ: ಜಾರ್ಜ್ ಎಲಿಯಟ್ಟಳ ಕಾದಂಬರಿಗಳನ್ನು ಕುರಿತು

ಐರೋಪ್ಯ ತತ್ತ್ವವಿಚಾರವು ಅಲ್ಲಿಯ ಮತಶ್ರದ್ಧೆಯನ್ನು ಹೇಗೆ ಮಾರ್ಪಡಿಸಿತೆಂಬುದನ್ನು ತತ್ತ್ವಶಾಸ್ತ್ರದ ಗ್ರಂಥಗಳಿಂದ ತಿಳಿಯುವುದು ವಾಡಿಕೆ. ಸ್ಪಿನೋಜ, ಕಾಂಟ್, ಹೆಗೆಲ್ ಮೊದಲಾದವರ ಸಿದ್ಧಾಂತಗಳನ್ನು ಕ್ರಮವಾಗಿ ನಿರೂಪಿಸಿದರೆ ಆ ಇತಿಹಾಸವು ಮುಗಿಯಿತೆಂದು ಭಾವಿಸುವವರುಂಟು. ಆದರೆ ಆ ವಿಚಾರಗಳು ಪಂಡಿತರ ಕೊಠಡಿಯಿಂದ ಹೊರಟು ಜನರ ಮನೆಗಳನ್ನು ಹೊಕ್ಕ ಬಗೆ ಯಾವುದು, ದಿನವೂ ಪ್ರಾರ್ಥಿಸುತ್ತಿದ್ದವನು ಪ್ರಾರ್ಥನೆಯನ್ನು ಬಿಟ್ಟಮೇಲೆ ಯಾವುದನ್ನು ಹಿಡಿದು ಬಾಳಿದನು, ಎಂಬುದನ್ನು ಸಿದ್ಧಾಂತಗಳು ತಿಳಿಸಲಾರವು. ಅದು ಕವಿಗಳೂ ಕಾದಂಬರಿಕಾರರೂ ಹೇಳತಕ್ಕ ವಿಷಯ. ಇಂಗ್ಲಿಷ್ ಸಾಹಿತ್ಯದಲ್ಲಿ ಇದಕ್ಕೆ ಜಾರ್ಜ್ ಎಲಿಯಟ್ಟಳಿಗಿಂತ (೧೮೧೯–೧೮೮೦) ಮಿಗಿಲಾದ ಸಾಕ್ಷಿ ದೊರೆಯುವುದು ಕಷ್ಟ. ಜರ್ಮನಿಯ ಅತಿ ಕಠಿನವಾದ ಮತವಿಮರ್ಶೆಯ ಗ್ರಂಥಗಳನ್ನು ಇಂಗ್ಲಿಷಿಗೆ ತಂದ ಕೈಯೇ ಹಳ್ಳಿಯ ಬಡಗಿಯ, ನೇಕಾರನ, ಪಾದ್ರಿಯ ಕಥೆಗಳನ್ನೂ ಬರೆಯಿತು. ಆದರೂ ತರಗತಿಗಳಲ್ಲಿ ಈಕೆಯನ್ನು ನೀತಿಬೋಧಕಳೆಂದು ಹೊಗಳಿ ಮುಂದೆ ಸಾಗುವುದೇ ಹೆಚ್ಚು. ಆ ನೀತಿಯು ಯಾವ ನೆಲದ ಮೇಲೆ ನಿಂತಿದೆ ಎಂಬ ಪ್ರಶ್ನೆಯು ಹಾಗೆಯೇ ಉಳಿದುಬಿಡುತ್ತದೆ.

ಆ ಪ್ರಶ್ನೆಯನ್ನು ಎಲ್ಲರಿಗಿಂತ ಕಟುವಾಗಿ ಕೇಳಿದವನು ನೀತ್ಶೆ. ೧೮೮೮ರಲ್ಲಿ ಬರೆದು ಮುಂದಿನ ವರ್ಷ ಪ್ರಕಟವಾದ ‘ವಿಗ್ರಹಗಳ ಮುಸ್ಸಂಜೆ’ ಎಂಬ ಪುಸ್ತಕದಲ್ಲಿ ಆತನು ಎಲಿಯಟ್ಟಳ ಹೆಸರನ್ನೇ ಶಿರೋನಾಮೆಯಾಗಿಟ್ಟು ಒಂದು ಚಿಕ್ಕ ಪರಿಚ್ಛೇದವನ್ನು ಬರೆದಿದ್ದಾನೆ. ಇಂಗ್ಲಿಷರು ಕ್ರೈಸ್ತರ ದೇವರನ್ನು ಕೈಬಿಟ್ಟಿದ್ದಾರೆ, ಅದರಿಂದಲೇ ಕ್ರೈಸ್ತನೀತಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಬೇಕೆಂದು ಬಗೆದಿದ್ದಾರೆ, ಎಂಬುದು ಆತನ ಆಕ್ಷೇಪ. ಕ್ರೈಸ್ತಮತವು ಒಂದು ಕಟ್ಟಡ. ಅದರ ಆಧಾರಶಿಲೆಯಾದ ದೇವರನ್ನು ತೆಗೆದರೆ ಮೇಲಿನ ಗೋಡೆಗಳು ಉಳಿಯವು. ಒಳ್ಳೆಯದು ಕೆಟ್ಟದ್ದು ತಮಗೆ ತಾವಾಗಿಯೇ ತಿಳಿಯುತ್ತದೆಂದು ಇಂಗ್ಲಿಷರು ನಂಬುವುದು ಆ ಮತದ ಬಹುಕಾಲದ ಆಳಿಕೆಯ ಫಲವೇ ಹೊರತು ಬೇರೆಯಲ್ಲ. ಇದು ಅವರಿಗೆ ಮರೆತುಹೋಗಿದೆ, ಎಂದು ಆತನ ವಾದ. ಆ ಪರಿಚ್ಛೇದದಲ್ಲಿ ಎಲಿಯಟ್ಟಳ ಒಂದು ಕಾದಂಬರಿಯ ಹೆಸರೂ ಇಲ್ಲ. ಆದುದರಿಂದ ವಾದವನ್ನು ಕಾದಂಬರಿಗಳ ಮುಂದಿಟ್ಟು ನೋಡುವ ಕೆಲಸವು ವಿಮರ್ಶಕನಿಗೆ ಉಳಿದಿದೆ.

ಮೇರಿ ಆನ್ ಇವಾನ್ಸ್ ಎಂಬುದು ಈಕೆಯ ಹುಟ್ಟುಹೆಸರು. ವಾರಿಕ್‌ಷೈರಿನಲ್ಲಿ ಜಮೀನುದಾರರೊಬ್ಬರ ಆಸ್ತಿಯ ಮೇಲ್ವಿಚಾರಕನ ಮಗಳು. ಬಾಲ್ಯದಲ್ಲಿ ಇವ್ಯಾಂಜೆಲಿಕಲ್ ಪಂಥದ ಕಟ್ಟುನಿಟ್ಟಾದ ಭಕ್ತಿ. ಒಡವೆ, ನಾಟಕ, ಕಾದಂಬರಿ ಎಲ್ಲವೂ ಆತ್ಮಕ್ಕೆ ಅಪಾಯಕರವೆಂಬ ಭಾವನೆ. ೧೮೪೧ರಲ್ಲಿ ತಂದೆಯೊಡನೆ ಕಾವೆಂಟ್ರಿಗೆ ಬಂದಮೇಲೆ ಚಾರ್ಲ್ಸ್ ಬ್ರೇ, ಆತನ ಭಾವಮೈದುನ ಚಾರ್ಲ್ಸ್ ಹೆನ್ನೆಲ್ ಎಂಬ ಸ್ವತಂತ್ರ ವಿಚಾರಕರ ಪರಿಚಯವಾಯಿತು. ಬ್ರೇಯು ಜಗತ್ತೆಲ್ಲವೂ ಕಾರ್ಯಕಾರಣ ನಿಯಮಕ್ಕೆ ಒಳಪಟ್ಟಿದೆಯೆಂದು ವಾದಿಸಿದವನು. ಹೆನ್ನೆಲನು ಕ್ರೈಸ್ತಮತದ ಮೂಲವನ್ನು ಸಾಮಾನ್ಯ ಚರಿತ್ರೆಯಂತೆ ಶೋಧಿಸಿದವನು. ಮರುವರ್ಷದ ಜನವರಿಯಲ್ಲಿಯೇ ಆಕೆ ಇನ್ನು ಚರ್ಚಿಗೆ ಬರುವುದಿಲ್ಲವೆಂದು ತಂದೆಗೆ ತಿಳಿಸಿದಳು. ಮನೆ ಒಡೆಯುವ ಸ್ಥಿತಿಗೆ ಬಂದಿತು. ಕೆಲವು ತಿಂಗಳ ಕಲಹದ ಬಳಿಕ ಒಂದು ಒಪ್ಪಂದವಾಯಿತು: ಮಗಳು ಚರ್ಚಿಗೆ ಹೋಗತಕ್ಕದ್ದು, ಅಲ್ಲಿ ಕುಳಿತು ಏನನ್ನು ಯೋಚಿಸಿದರೂ ತಂದೆ ಕೇಳತಕ್ಕದ್ದಲ್ಲ.

ಈ ಒಪ್ಪಂದವನ್ನು ದೌರ್ಬಲ್ಯವೆಂದು ಕೆಲವರು ಎಣಿಸಬಹುದು. ಎಲಿಯಟ್ಟಳು ಹಾಗೆಣಿಸಲಿಲ್ಲ. ೧೮೪೩ರ ಅಕ್ಟೋಬರಿನಲ್ಲಿ ಗೆಳತಿ ಸಾರಾ ಹೆನ್ನೆಲಳಿಗೆ ಬರೆದ ಪತ್ರದಲ್ಲಿ, ಅಭಿಪ್ರಾಯಗಳಲ್ಲಿ ಮನುಷ್ಯರು ಕೂಡುವುದು ಅಸಾಧ್ಯ, ಭಾವದ ಸತ್ಯವೊಂದೇ ಅವರನ್ನು ಕಟ್ಟಬಲ್ಲ ಬಂಧನ, ಎಂಬರ್ಥದ ಮಾತಿದೆ. ಆಕೆಗೆ ಆಗ ೨೩ ವರ್ಷ. ಮುಂದೆ ಬರೆದ ಪ್ರತಿಯೊಂದು ಕಾದಂಬರಿಯ ಬೀಜವೂ ಆ ಪತ್ರದಲ್ಲಿದೆಯೆಂದರೆ ಅತಿಶಯೋಕ್ತಿಯಾಗದು.

ಆಮೇಲಿನ ೧೨ ವರ್ಷಗಳು ಭಾಷಾಂತರದ ಕಾಲ. ಡೇವಿಡ್ ಸ್ಟ್ರಾಸನ ‘ಏಸುವಿನ ಜೀವನ’ವು ೧೮೩೫ರಲ್ಲಿ ಜರ್ಮನಿಯಲ್ಲಿ ಹೊರಟು ಗ್ರಂಥಕರ್ತನ ಅಧ್ಯಾಪಕವೃತ್ತಿಯನ್ನೇ ಕೆಡಿಸಿದ್ದಿತು. ಸುವಾರ್ತೆಗಳಲ್ಲಿ ಬರುವ ಅದ್ಭುತಗಳು ನಿಜವಾಗಿ ನಡೆದವೆಂದು ಶ್ರದ್ಧಾಳುಗಳೂ, ಅವುಗಳಿಗೆ ಸಹಜವಾದ ಕಾರಣಗಳಿದ್ದವೆಂದು ಬುದ್ಧಿವಾದಿಗಳೂ ಹೇಳುತ್ತಿದ್ದಾಗ, ಸ್ಟ್ರಾಸನು ಎರಡನ್ನೂ ತಳ್ಳಿಹಾಕಿ, ಅವು ಪುರಾಣಗಳು, ಮೆಸ್ಸೀಯನನ್ನು ಎದುರುನೋಡುತ್ತಿದ್ದ ಒಂದು ಜನಾಂಗದ ಆಶೆಯು ತಾನಾಗಿ ಕಥೆಯ ರೂಪವನ್ನು ತಾಳಿತು, ಎಂದನು. ಮೋಸವೂ ಅಲ್ಲ, ಚರಿತ್ರೆಯೂ ಅಲ್ಲ. ಸಮುದಾಯದ ಮನಸ್ಸು ಹೆತ್ತದ್ದು. ಈ ಬೃಹದ್ಗ್ರಂಥವನ್ನು ಗ್ರೀಕ್ ಹೀಬ್ರೂ ಉದ್ಧರಣೆಗಳ ಸಮೇತ ಆಕೆ ಎರಡು ವರ್ಷ ಕುಳಿತು ಭಾಷಾಂತರಿಸಿದಳು. ಏಸುವಿನ ಶಿಲುಬೆಯ ಕಥೆಯನ್ನು ಸೀಳಿ ಸೀಳಿ ನೋಡುವುದು ಆಕೆಗೆ ಸಂಕಟಕರವಾಗಿದ್ದಿತೆಂದೂ, ತಾಳ್ಮೆಗಾಗಿ ಕ್ರಿಸ್ತನ ಪ್ರತಿಮೆಯೊಂದನ್ನು ಎದುರಿಗಿಟ್ಟುಕೊಳ್ಳುತ್ತಿದ್ದಳೆಂದೂ ಗೆಳತಿಯರ ಪತ್ರದಿಂದ ತಿಳಿಯುತ್ತದೆ. ೧೮೪೬ರಲ್ಲಿ ಪುಸ್ತಕವು ೩ ಸಂಪುಟಗಳಾಗಿ ಹೊರಬಂದಿತು. ಭಾಷಾಂತರಕಾರಳ ಹೆಸರು ಅದರಲ್ಲಿರಲಿಲ್ಲ. ಸಂಭಾವನೆ ೨೦ ಪೌಂಡು.

ಸ್ಟ್ರಾಸನು ಕೆಡವಿದನು; ಲೂಡ್ವಿಗ್ ಫಾಯರ್ಬಾಖನು ಕೆಡವಿದ ಇಟ್ಟಿಗೆಗಳಿಂದಲೇ ಕಟ್ಟಲು ಹೊರಟನು. ಆತನ ‘ಕ್ರೈಸ್ತಮತದ ಸಾರ’ (೧೮೪೧) ಎಂಬ ಗ್ರಂಥವು ೧೮೫೪ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಮರಿಯನ್ ಇವಾನ್ಸ್ ಎಂಬ ಸ್ವಂತ ಹೆಸರನ್ನು ಆಕೆ ಮುಖಪುಟದಲ್ಲಿ ಹಾಕಿಸಿದ್ದು ಇದೊಂದರಲ್ಲಿಯೇ. ಫಾಯರ್ಬಾಖನ ವಿಚಾರಗಳೆಲ್ಲಕ್ಕೂ ತನ್ನ ಒಪ್ಪಿಗೆಯಿದೆಯೆಂದು ಆ ವರ್ಷವೇ ಪತ್ರದಲ್ಲಿ ಬರೆದಳು. ಮನುಷ್ಯನು ತನ್ನಲ್ಲಿರುವ ಉತ್ತಮಾಂಶಗಳನ್ನು ತನ್ನಿಂದ ಬೇರ್ಪಡಿಸಿ, ಆಕಾಶದಲ್ಲಿಟ್ಟು, ದೇವರೆಂದು ಪೂಜಿಸುತ್ತಾನೆ. ಆದುದರಿಂದ ದೇವರ ಸ್ವರೂಪವನ್ನು ಹೇಳುವ ವಾಕ್ಯಗಳಲ್ಲಿ ಉದ್ದೇಶ್ಯ ವಿಧೇಯಗಳನ್ನು ಅದಲುಬದಲು ಮಾಡಿದರೆ ಸತ್ಯವು ಹೊರಬೀಳುತ್ತದೆ, ಎಂಬುದು ಆತನ ಮುಖ್ಯಸೂತ್ರ. ದೇವರು ಪ್ರೇಮಸ್ವರೂಪನೆಂದು ಮತವು ಹೇಳಿದರೆ, ಪ್ರೇಮವೇ ದೈವವೆಂದು ಆತನು ತಿರುಗಿಸಿ ಓದುವನು. ಕನ್ನಡದಲ್ಲಿ ಈ ಎರಡು ವಾಕ್ಯಗಳು ಎಷ್ಟು ಹತ್ತಿರದಲ್ಲಿವೆಯೆಂದರೆ, ಒಂದರಿಂದ ಇನ್ನೊಂದಕ್ಕೆ ಜಾರಿದ್ದು ಗಮನಕ್ಕೇ ಬಾರದು. ಇಂಗ್ಲೆಂಡಿನಲ್ಲಿ ಆ ನಡುವಣ ಅಂತರವನ್ನು ದಾಟುವುದಕ್ಕೆ ಒಂದು ತಲೆಮಾರೇ ಕಷ್ಟಪಟ್ಟಿತು.

ಆಮೇಲೆ ಸ್ಪಿನೋಜ. ಜಾರ್ಜ್ ಹೆನ್ರಿ ಲೂಯಿಸನೊಡನೆ ಜರ್ಮನಿಗೆ ಹೋದಾಗ ಪ್ರಾರಂಭಿಸಿದ ‘ನೀತಿಶಾಸ್ತ್ರ’ದ ಭಾಷಾಂತರವನ್ನು ಆಕೆ ೧೮೫೬ರಲ್ಲಿ ಮುಗಿಸಿದಳು. ಪ್ರಕಾಶಕನಿಗೂ ಲೂಯಿಸನಿಗೂ ಬಂದ ಮನಸ್ತಾಪದಿಂದ ಅದು ಅಚ್ಚಾಗಲಿಲ್ಲ. ಅಚ್ಚನ್ನು ಕಂಡದ್ದು ೧೯೮೧ರಲ್ಲಿ, ಮತ್ತೆ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಮುದ್ರಣಾಲಯದಿಂದ ೨೦೨೦ರಲ್ಲಿ. ಈ ತಡದಿಂದ ಎಲಿಯಟ್ಟಳ ವಿಮರ್ಶೆಗೆ ನಷ್ಟವೇ ಆಯಿತೆನ್ನಬೇಕು. ಕಾದಂಬರಿಗಳಿಗೆ ತೊಡಗುವ ಮೊದಲು ಆಕೆ ಕೊನೆಯದಾಗಿ ಅರೆದು ಕುಡಿದ ಗ್ರಂಥವು ಮನುಷ್ಯನ ರಾಗದ್ವೇಷಗಳನ್ನು ರೇಖಾಗಣಿತದಂತೆ ವಿವರಿಸುವ ಗ್ರಂಥವೆಂಬುದು ಬಹುಕಾಲ ಮರೆಯಲ್ಲಿಯೇ ಉಳಿಯಿತು.

ಇಲ್ಲಿ ಕನ್ನಡ ವಾಚಕರಿಗೆ ಒಂದು ತೊಡಕುಂಟು. ೧೮೭೩ರ ಮೇ ತಿಂಗಳಲ್ಲಿ ಕೇಂಬ್ರಿಜಿನ ಟ್ರಿನಿಟಿ ಕಾಲೇಜಿನ ತೋಟದಲ್ಲಿ ಎಲಿಯಟ್ಟಳೊಡನೆ ನಡೆದಾಡಿದ ಎಫ್. ಡಬ್ಲ್ಯು. ಎಚ್. ಮೈಯರ್ಸನು ಆ ಸಂಜೆಯ ಸಂಭಾಷಣೆಯನ್ನು ಮುಂದೆ ಬರೆದಿಟ್ಟಿದ್ದಾನೆ. ದೇವರು, ಅಮರತ್ವ, ಕರ್ತವ್ಯ ಎಂಬ ಮೂರರಲ್ಲಿ ಮೊದಲನೆಯದು ಊಹೆಗೆ ನಿಲುಕದು, ಎರಡನೆಯದು ನಂಬಿಕೆಗೆ ನಿಲ್ಲದು, ಮೂರನೆಯದಾದರೋ ನಿರಂಕುಶವಾದ ಆಜ್ಞೆ, ಎಂದು ಆಕೆ ಹೇಳಿದಳಂತೆ. ಆಂಗ್ಲ ಓದುಗನಿಗೆ ಇದು ಮೈ ನಡುಗಿಸಿದ ಮಾತು. ಕನ್ನಡದಲ್ಲಿ ‘ಕರ್ತವ್ಯ’ದ ಬದಲು ‘ಧರ್ಮ’ವೆಂದು ಬರೆದರೆ ನಡುಕವೆಲ್ಲ ಮಾಯವಾಗುತ್ತದೆ, ಏಕೆಂದರೆ ಇಂಗ್ಲಿಷಿನಲ್ಲಿ ಎರಡಾಗಿ ಒಡೆದ ಅರ್ಥಗಳು ಆ ಒಂದು ಪದದಲ್ಲಿ ಇನ್ನೂ ಕೂಡಿಯೇ ಇವೆ. ಇದಕ್ಕಿಂತ ಹೆಚ್ಚಿನ ಮಾತೂ ಒಂದಿದೆ. ಸೃಷ್ಟಿಕರ್ತನಿಲ್ಲದ ಧರ್ಮವು ಕನ್ನಡ ಸಾಹಿತ್ಯಕ್ಕೆ ಹೊಸತಲ್ಲ. ೯೪೧ರಲ್ಲಿ ‘ಆದಿಪುರಾಣ’ವನ್ನು ಬರೆದ ಪಂಪನೂ, ಪೊನ್ನ ರನ್ನರೂ ಅಂಥ ಧರ್ಮದಲ್ಲಿ ನಿಂತೇ ಕಾವ್ಯರಚನೆ ಮಾಡಿದರು. ಜೈನನಿಗೆ ನೀತಿಯು ಯಾರ ಅಪ್ಪಣೆಯೂ ಅಲ್ಲ. ಅದು ಜಗತ್ತಿನ ಸ್ವಭಾವ. ಕ್ರೈಸ್ತಮತದಲ್ಲಾದರೋ ನೀತಿಯು ಒಬ್ಬ ಪ್ರಭುವಿನ ಶಾಸನ. ಪ್ರಭುವೇ ಇಲ್ಲವೆಂದಮೇಲೆ ಶಾಸನಕ್ಕೆ ಬೆಲೆಯೆಲ್ಲಿಯದು? ನೀತ್ಶೆಯ ಆಕ್ಷೇಪಕ್ಕೆ ಬಲ ಬಂದದ್ದು ಇಲ್ಲಿಂದ. ಪಂಪನ ನಾಡಿನಲ್ಲಿ ಅದು ಆಕ್ಷೇಪವೇ ಆಗುತ್ತಿರಲಿಲ್ಲ.

ಇನ್ನು ಕಾದಂಬರಿಗಳು. ಮೊದಲನೆಯ ದೊಡ್ಡ ಕೃತಿ ‘ಆಡಮ್ ಬೀಡ್’ (೧೮೫೯). ಅದರ ಕಥಾಬೀಜವು ಮೆಥಡಿಸ್ಟ್ ಉಪದೇಶಕಿಯಾಗಿದ್ದ ಚಿಕ್ಕಮ್ಮನಿಂದ ಬಂದದ್ದು. ೧೮೦೨ರಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ಶಿಶುಹತ್ಯೆಗಾಗಿ ಗಲ್ಲಿಗೇರಿದ ಮೇರಿ ವೋಸ್ ಎಂಬವಳೊಡನೆ ಆಕೆ ಸೆರೆಮನೆಯಲ್ಲಿ ರಾತ್ರಿಯನ್ನು ಕಳೆದಿದ್ದಳು. ಕಾದಂಬರಿಯಲ್ಲಿ ಹೆಟ್ಟಿಯ ಸೆರೆಯ ಕೋಣೆಗೆ ಡೈನಾ ಬರುತ್ತಾಳೆ. ಹೆಟ್ಟಿಯು ದೇವರ ಹೆಸರಿಗೆ ಮಿಡುಕುವವಳಲ್ಲ. ಕತ್ತಲೆಯಲ್ಲಿ ಡೈನಾಳ ಕೈಯನ್ನು ಬಿಡಲೊಲ್ಲಳು, ಅಷ್ಟೆ. ಡೈನಾ ತನ್ನ ಪಾಲಿಗೆ ಕ್ರಿಸ್ತನೇ ಆ ಕೋಣೆಯಲ್ಲಿರುವನೆಂದು ಪ್ರಾರ್ಥಿಸುತ್ತಾಳೆ. ಕಲ್ಲಾಗಿದ್ದ ಹುಡುಗಿ ಬಾಯಿಬಿಟ್ಟು ತಾನು ಮಾಡಿದ್ದನ್ನೆಲ್ಲ ಹೇಳುತ್ತಾಳೆ. ಇದು ಕೃಪೆಯ ಕೆಲಸವೆಂದು ಭಕ್ತನು ಓದಬಹುದು. ತಬ್ಬಿದ ತೋಳಿನ ಕೆಲಸವೆಂದು ಫಾಯರ್ಬಾಖನ ಶಿಷ್ಯನು ಓದಬಹುದು. ಲೇಖಕಿಯು ಯಾವುದನ್ನೂ ತಪ್ಪೆನ್ನುವುದಿಲ್ಲ. ಒಂದೇ ವಾಕ್ಯವನ್ನು ಇಬ್ಬರೂ ಒಟ್ಟಿಗೆ ಓದುವಂತೆ ಬರೆಯುವುದು ಸಣ್ಣ ಶಕ್ತಿಯಲ್ಲ.

ಇದಕ್ಕಿಂತ ಸೂಕ್ಷ್ಮವಾದ ಸಂದರ್ಭವು ವಿಚಾರಣೆಯ ದಿನದ ಬೆಳಗ್ಗೆ ಬರುತ್ತದೆ. ಹೆಟ್ಟಿಯನ್ನು ಪ್ರೀತಿಸಿದ್ದ ಆಡಮನು ಮಹಡಿಯ ಮಂಕು ಕೋಣೆಯೊಂದರಲ್ಲಿ ಕುಳಿತಿದ್ದಾನೆ. ನ್ಯಾಯಸ್ಥಾನಕ್ಕೆ ಹೋಗಿ ಆಕೆಯ ಮುಖವನ್ನು ನೋಡುವ ಧೈರ್ಯವಿಲ್ಲ. ಹಳ್ಳಿಯ ಮಾಸ್ತರ ಬಾರ್ಟಲ್ ಮ್ಯಾಸಿಯು ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ತಂದು, ಬೇಡವೆಂದರೂ ಬಿಡದೆ ಮುಂದಿಡುತ್ತಾನೆ. ಆಡಮನು ಒಂದು ತುತ್ತು ತಿಂದು, ಒಂದು ಗುಟುಕು ಕುಡಿದು, ನೆಟ್ಟಗೆ ನಿಲ್ಲುತ್ತಾನೆ. ಹೋಗಿ ಅವಳ ಪಕ್ಕದಲ್ಲಿ ನಿಲ್ಲುವೆನೆನ್ನುತ್ತಾನೆ. ಮಹಡಿಯ ಕೋಣೆ, ರೊಟ್ಟಿ, ದ್ರಾಕ್ಷಾರಸ: ಏಸು ಶಿಷ್ಯರೊಡನೆ ಮಾಡಿದ ಕೊನೆಯ ಭೋಜನದ ಎಲ್ಲ ಅಂಗಗಳೂ ಇವೆ. ಪಾದ್ರಿಯಿಲ್ಲ, ಮಂತ್ರವಿಲ್ಲ, ಹಂಚುವವನು ಹೆಂಗಸರನ್ನು ಕಂಡರಾಗದ, ಗೊಣಗುವ ಕುಂಟ ಮಾಸ್ತರ. ಫಾಯರ್ಬಾಖನ ಗ್ರಂಥದ ಕೊನೆಯ ಅಧ್ಯಾಯವು, ಹಸಿದವನಿಗೆ ರೊಟ್ಟಿಯೂ ಬಾಯಾರಿದವನಿಗೆ ನೀರೂ ತಮ್ಮಷ್ಟಕ್ಕೆ ತಾವೇ ಪವಿತ್ರವೆಂದು ಹೇಳಿ ಮುಗಿಯುತ್ತದೆ. ಅದನ್ನು ಭಾಷಾಂತರಿಸಿದವಳು ಐದೇ ವರ್ಷಗಳಲ್ಲಿ ಅದನ್ನು ಕಥೆ ಮಾಡಿದಳು. ಸಂಕೇತವಿದೆಯೆಂದು ಎಲ್ಲಿಯೂ ಬೆರಳಿಟ್ಟು ತೋರಿಸಿಲ್ಲ. ಬೆರಳಿಟ್ಟು ತೋರಿಸುವ ಚಟ ಆಮೇಲೆ ಬಂದಿತು.

ಇದೇ ಕಾದಂಬರಿಯಲ್ಲಿ ಸ್ಪಿನೋಜ-ಬ್ರೇಗಳ ಕಾರ್ಯಕಾರಣ ನಿಯಮವೂ ಇದೆ. ಹೆಟ್ಟಿಯನ್ನು ಕೆಡಿಸಿದ ಆರ್ಥರ್ ಡಾನಿಥಾರ್ನನು ದುಷ್ಟನಲ್ಲ; ಯಾರಿಗೂ ಕೇಡಾಗಬಾರದೆಂದು ಬಯಸುವ, ಆದರೆ ತನ್ನ ಬಯಕೆಯನ್ನು ಒಂದು ದಿನ ಮುಂದೂಡಲಾರದ ಹುಡುಗ. ಕರ್ಮಕ್ಕೆ ಕರುಣೆಯಿಲ್ಲವೆಂದು ಪಾದ್ರಿ ಅರ್ವೈನನು ಆತನಿಗೆ ಮೊದಲೇ ಹೇಳಿರುತ್ತಾನೆ. ಕರ್ಮಸಿದ್ಧಾಂತವನ್ನು ಬಲ್ಲ ವಾಚಕನು ಇಲ್ಲಿ ತನಗೆ ಪರಿಚಿತವಾದ ತತ್ತ್ವವನ್ನೇ ಕಂಡಂತೆ ತಲೆದೂಗಬಹುದು. ಆದರೆ ಅವಸರವು ಸಲ್ಲದು. ಕರ್ಮಸಿದ್ಧಾಂತದಲ್ಲಿ ಮಾಡಿದವನೇ ಉಣ್ಣುವನು, ಈ ಜನ್ಮದಲ್ಲಿ ಅಲ್ಲದಿದ್ದರೆ ಇನ್ನೊಂದರಲ್ಲಿ. ಎಲಿಯಟ್ಟಳ ಲೋಕದಲ್ಲಿ ಮಾಡಿದವನ ಫಲವನ್ನು ಉಣ್ಣುವವರು ಬೇರೆಯವರು: ಹೆಟ್ಟಿ, ಅವಳ ಕೂಸು, ಆಡಮ್, ಹೆಟ್ಟಿಯನ್ನು ಸಾಕಿದ ಪಾಯ್ಸರ್ ಮನೆತನ. ಮುಂದೊಂದು ಜನ್ಮವಿಲ್ಲ, ಲೆಕ್ಕ ಸರಿಮಾಡುವ ನ್ಯಾಯಾಧೀಶನೂ ಇಲ್ಲ. ಆದಕಾರಣವೇ ಇಲ್ಲಿ ಕರ್ತವ್ಯವು ಅಷ್ಟು ಭಾರವಾದದ್ದು. ದೇವರು ಕ್ಷಮಿಸಬಲ್ಲನು, ನಡೆದುಹೋದದ್ದು ಕ್ಷಮಿಸದು. ನೀತ್ಶೆಯು ಹಳೆಯ ನೀತಿಯ ಉಳಿಕೆಯೆಂದು ಕರೆದದ್ದು ಈ ಅಂಶದಲ್ಲಂತೂ ಉಳಿಕೆಯಲ್ಲ. ಆಧಾರವನ್ನು ಬದಲಾಯಿಸಿದ್ದರಿಂದ ನೀತಿಯು ಹಗುರವಾಗಲಿಲ್ಲ, ಕಠೋರವಾಯಿತು.

‘ಮಿಡ್ಲ್‌ಮಾರ್ಚ್’ (೧೮೭೧–೭೨) ಈ ವಿಚಾರಗಳ ಪರಿಪಾಕ. ಅದರಲ್ಲಿ ವಿದ್ವಾಂಸರು ಓದಿ ನಾಚಿಕೊಳ್ಳತಕ್ಕ ಒಂದು ಪಾತ್ರವಿದೆ. ಕಸಾಬನ್ ಎಂಬ ಪಾದ್ರಿಯು ಲೋಕದ ಪುರಾಣಗಳೆಲ್ಲವೂ ಆದಿಯಲ್ಲಿ ದೇವರು ಪ್ರಕಟಿಸಿದ ಒಂದೇ ಸಂಪ್ರದಾಯದ ಅಪಭ್ರಂಶಗಳೆಂದು ಸಾಧಿಸಲು ಆಯುಷ್ಯವನ್ನೇ ಸವೆಸುತ್ತಾನೆ. ಆತನಿಗೆ ಜರ್ಮನ್ ಬಾರದು. ಜರ್ಮನ್ ಪಂಡಿತರು ಆ ಕಾಡನ್ನು ಎಂದೋ ದಾಟಿಹೋಗಿದ್ದಾರೆಂದು ಅವನ ಬಂಧುವಾದ ಲ್ಯಾಡಿಸ್ಲಾನು ಹೇಳಿಬಿಡುತ್ತಾನೆ. ಸ್ಟ್ರಾಸನನ್ನು ಭಾಷಾಂತರಿಸಿದವಳ ಲೇಖನಿಯಿಂದ ಬಂದ ಮಾತಿದು. ಕಸಾಬನನ ಪ್ರಮೇಯವು ಸ್ಟ್ರಾಸನ ಪ್ರಮೇಯದ ಸರಿಯಾದ ವಿಲೋಮ. ಆದರೂ ಅವನನ್ನು ನಗೆಗೀಡುಮಾಡಿ ಬಿಡುವುದಿಲ್ಲ. ಡೊರೋತಿಯಳ ಕಣ್ಣಿನಿಂದ ಬಹುದೂರ ಕಥೆಯನ್ನು ನಡೆಸಿದಮೇಲೆ, ಆತನಿಗೂ ತನ್ನದೇ ಆದ ಒಂದು ಒಳಗಿದೆ, ಬೆಳಕು ನೆರಳುಗಳು ಅಲ್ಲಿಂದ ಬೇರೆಯಾಗಿಯೇ ಬೀಳುತ್ತವೆ, ಎಂದು ಲೇಖಕಿಯು ವಾಚಕನನ್ನು ತಡೆದು ನಿಲ್ಲಿಸುತ್ತಾಳೆ. ಎಲಿಯಟ್ಟಳ ನೀತಿಗೆ ಆಧಾರವೇನೆಂದು ಕೇಳಿದರೆ ಉತ್ತರ ಇದೇ: ಇನ್ನೊಬ್ಬನೂ ತನ್ನಂತೆಯೇ ಒಂದು ಕೇಂದ್ರವೆಂಬ ಅರಿವು, ಅದೂ ಬುದ್ಧಿಯಿಂದಲ್ಲ, ಮುಟ್ಟಿ ನೋಡಿದಷ್ಟು ಗಟ್ಟಿಯಾಗಿ.

ಆದರೆ ಅರಿವಿನಿಂದ ಆಚರಣೆಗೆ ಸೇತುವೆ ಯಾವುದು? ಸ್ಪಿನೋಜನು ಭಾವವೊಂದನ್ನು ಅದಕ್ಕಿಂತ ಬಲವಾದ ವಿರುದ್ಧಭಾವವೇ ಗೆಲ್ಲಬೇಕಲ್ಲದೆ ಬರಿಯ ತಿಳಿವಳಿಕೆಯಿಂದಾಗದೆಂದು ಕಂಡಿದ್ದನು. ಈ ಪ್ರಶ್ನೆಯನ್ನು ಕಾದಂಬರಿಯಲ್ಲಿ ಎದುರಿಸುವವಳು ನಾಯಕಿಯಲ್ಲ. ಬ್ಯಾಂಕರ್ ಬಲ್ಸ್ಟ್ರೋಡನ ಹೆಂಡತಿ ಹ್ಯಾರಿಯಟ್. ಬಲ್ಸ್ಟ್ರೋಡನು ಇವ್ಯಾಂಜೆಲಿಕಲ್ ಪಂಥದ ಮುಖಂಡ. ತನ್ನ ಲಾಭವೆಲ್ಲವೂ ದೈವಸಂಕಲ್ಪವೆಂದು ಪ್ರಾಮಾಣಿಕವಾಗಿಯೇ ನಂಬಿದವನು. ಹಿಂದಿನ ಪಾಪವನ್ನು ಬಲ್ಲ ರಾಫಲ್ಸನು ಕಾಯಿಲೆಯಿಂದ ಬಿದ್ದಿರುವಾಗ, ಅಫೀಮನ್ನು ಎಲ್ಲಿ ನಿಲ್ಲಿಸಬೇಕೆಂಬ ವೈದ್ಯನ ಸೂಚನೆಯನ್ನು ಸೇವಕಿಗೆ ತಿಳಿಸದೆ, ಅವಳು ಬ್ರಾಂದಿಯನ್ನು ಕೇಳಿದಾಗ ಬೀಗದಕೈಯನ್ನು ಕೊಟ್ಟುಬಿಡುತ್ತಾನೆ. ಕೊಂದದ್ದೂ ಅಲ್ಲ, ಕೊಲ್ಲದೆ ಬಿಟ್ಟದ್ದೂ ಅಲ್ಲ. ದೇವರೊಡನೆ ಗುಟ್ಟಾಗಿ ವ್ಯವಹಾರ ಮಾಡಿಕೊಳ್ಳುವ ಮನಸ್ಸನ್ನು ಇಷ್ಟು ಒಳಹೊಕ್ಕು ಬಿಡಿಸಿದ ಪುಟಗಳು ಆಂಗ್ಲ ಸಾಹಿತ್ಯದಲ್ಲಿ ವಿರಳ.

ಊರೆಲ್ಲ ಸುದ್ದಿ ಹರಡಿದಮೇಲೆ ಹ್ಯಾರಿಯಟಳು ಅಣ್ಣನ ಬಾಯಿಂದ ಅದನ್ನು ಕೇಳುತ್ತಾಳೆ. ಮನೆಗೆ ಬಂದು ಕೋಣೆಯ ಬಾಗಿಲನ್ನು ಹಾಕಿಕೊಳ್ಳುತ್ತಾಳೆ. ಆಕೆ ಪಂಡಿತಳಲ್ಲ, ಒಳ್ಳೆಯ ಬಟ್ಟೆ, ಒಳ್ಳೆಯ ಹೆಸರು, ಎರಡನ್ನೂ ಮೆಚ್ಚಿದ ಸಾಮಾನ್ಯ ಗೃಹಿಣಿ. ಅತ್ತು ಮುಗಿದಮೇಲೆ ಒಡವೆಗಳನ್ನು ತೆಗೆದಿಟ್ಟು, ಸಾದಾ ಕಪ್ಪು ಉಡುಪನ್ನು ತೊಟ್ಟು, ಸಾದಾ ಟೊಪ್ಪಿಗೆಯನ್ನು ಧರಿಸುತ್ತಾಳೆ. ಇಷ್ಟು ಮಾಡಿಕೊಂಡು ಕೆಳಗಿಳಿದು ಗಂಡನ ಪಕ್ಕದಲ್ಲಿ ಕುಳಿತುಕೊಳ್ಳುತ್ತಾಳೆ. ನಡೆದದ್ದೇನೆಂದು ಕೇಳುವುದಿಲ್ಲ, ಅವನು ಹೇಳುವುದೂ ಇಲ್ಲ. ಇಬ್ಬರೂ ಅಳುತ್ತಾರೆ. ಆ ಉಡುಪಿನಲ್ಲಿ ಆಕೆ ಹಳೆಯ ಕಾಲದ ಮೆಥಡಿಸ್ಟಳಂತೆ ಕಂಡಳೆಂದು ಲೇಖಕಿ ಒಂದು ಮಾತನ್ನು ಸೇರಿಸಿದ್ದಾಳೆ. ಆ ಮಾತನ್ನು ಅಲಂಕಾರವೆಂದು ಬಿಟ್ಟು ಓದುವವರೇ ಹೆಚ್ಚು. ಹ್ಯಾರಿಯಟಳು ಮಾಡಿದ್ದನ್ನು ಮಾಡಿಸಿದ ಶಕ್ತಿ ಎಲ್ಲಿಂದ ಬಂತೆಂಬುದಕ್ಕೆ ಸುಳಿವು ಅದೇ. ಗಂಡನ ಬಾಯಲ್ಲಿ ಕೆಟ್ಟುಹೋದ ಮತವು ಹೆಂಡತಿಯ ಕೈಯಲ್ಲಿ, ಆಕೆಗೇ ತಿಳಿಯದಂತೆ, ಕೆಲಸ ಮಾಡುತ್ತಿದೆ.

ಈ ಒಂದು ಸ್ಥಳವನ್ನು ಹಿಡಿದು ಉಳಿದ ಕಾದಂಬರಿಗಳ ಕಡೆಗೆ ತಿರುಗಿ ನೋಡಿದರೆ, ವಿಮರ್ಶಕರು ಅಷ್ಟಾಗಿ ಎತ್ತಿ ಹೇಳದ ಒಂದು ಸಂಗತಿಯು ಕಣ್ಣಿಗೆ ಬೀಳುತ್ತದೆ. ದೇವರಿಲ್ಲದ ಧರ್ಮವನ್ನು ಸಾರಿದ ಈ ಲೇಖಕಿಯ ಕೃತಿಗಳಲ್ಲಿ, ಆ ಧರ್ಮದ ಪರಮೋಚ್ಚ ಕಾರ್ಯಗಳನ್ನು ಮಾಡುವವರೆಲ್ಲ ಬಹುಮಟ್ಟಿಗೆ ದೇವರನ್ನು ನಂಬಿದವರು. ಡೈನಾ ನಂಬಿದವಳು. ‘ಜಾನೆಟ್ಟಳ ಪಶ್ಚಾತ್ತಾಪ’ವೆಂಬ ಮೊದಲ ಕಾಲದ ಕಥೆಯಲ್ಲಿ, ಗಂಡನ ಹೊಡೆತದಿಂದ ಕುಡಿತಕ್ಕೆ ಬಿದ್ದ ಹೆಂಗಸನ್ನು ತನ್ನ ಪೂರ್ವಪಾಪವನ್ನು ಹೇಳಿಕೊಂಡು ಮೇಲೆತ್ತುವ ಟ್ರಯನನು ಪಾದ್ರಿ. ಡಾಲಿ, ಹ್ಯಾರಿಯಟ್ ಇವರೂ ನಂಬಿದವರೇ. ನಂಬದಿರುವುದು ಕಥೆ ಹೇಳುವ ದನಿ ಮಾತ್ರ. ಅದು ಅರಿಯುತ್ತದೆ, ಮರುಗುತ್ತದೆ, ವಿವರಿಸುತ್ತದೆ. ಸೆರೆಮನೆಯ ಕೋಣೆಗೆ ಹೋಗಿ ರಾತ್ರಿ ಕಳೆಯುವವಳು ಡೈನಾ. ಡೊರೋತಿಯಳು ಭಾಗಶಃ ಇದಕ್ಕೆ ಹೊರತು. ಆಕೆ ಪ್ರಾರ್ಥನೆಯನ್ನು ಬಹುಮಟ್ಟಿಗೆ ಬಿಟ್ಟಿರುವುದಾಗಿ ಹೇಳುತ್ತಾಳೆ. ಆದರೆ ಆಕೆಯನ್ನೂ ಅವಿಲಾದ ಸಂತ ತೆರೇಸಳಿಗೆ ಹೋಲಿಸಿಯೇ ಕಾದಂಬರಿ ತೊಡಗುತ್ತದೆ.

ಇದರಿಂದ ನೀತ್ಶೆಯ ವಾದವು ಗೆದ್ದಿತೇ? ಅರ್ಧ ಗೆದ್ದಿತೆನ್ನಬೇಕು. ನೀತಿಯು ಹಳೆಯ ಮತದ ಆಳಿಕೆಯಲ್ಲಿ ಬೆಳೆದದ್ದೆಂಬುದು ಆತನ ಒಂದು ಮಾತು, ಅದು ಸರಿ. ಆ ಋಣವು ಇಂಗ್ಲಿಷರಿಗೆ ಮರೆತುಹೋಗಿದೆಯೆಂಬುದು ಇನ್ನೊಂದು. ಎಲಿಯಟ್ಟಳ ವಿಷಯದಲ್ಲಿ ಅದು ಸುಳ್ಳು. ಆಕೆಯ ಶ್ರೇಷ್ಠ ಕಾದಂಬರಿಗಳೆಲ್ಲ ಒಂದೋ ಎರಡೋ ತಲೆಮಾರಿನಷ್ಟು ಹಿಂದಿನ ಕಾಲಕ್ಕೆ ಸೇರಿದವು. ‘ಆಡಮ್ ಬೀಡ್’ ನಡೆಯುವುದು ೧೭೯೯ರಲ್ಲಿ, ‘ಮಿಡ್ಲ್‌ಮಾರ್ಚ್’ ೧೮೨೯ರಿಂದ ೧೮೩೨ರವರೆಗೆ. ರೈಲುಮಾರ್ಗಕ್ಕೂ ಸ್ಟ್ರಾಸನಿಗೂ ಮೊದಲಿನ ಇಂಗ್ಲೆಂಡಿಗೆ ಆಕೆ ಮತ್ತೆ ಮತ್ತೆ ಹೋದದ್ದು ಬಾಲ್ಯದ ನೆನಪಿನ ಸವಿಗಾಗಿ ಮಾತ್ರವಲ್ಲ; ತಾನು ಬುದ್ಧಿಯಿಂದ ಒಪ್ಪಿದ ಧರ್ಮವನ್ನು ದೇಹದಲ್ಲಿ ಹೊತ್ತ ಜನ ಅಲ್ಲಿದ್ದರು. ತಂದೆಯೊಡನೆ ಚರ್ಚಿನಲ್ಲಿ ಮೌನವಾಗಿ ಕುಳಿತಿದ್ದ ಮಗಳಿಗೆ ಆ ಋಣವು ಮರೆಯುವುದು ಹೇಗೆ?

ಆ ಜನರನ್ನು ಬಿಟ್ಟು ಬರಿಯ ಧರ್ಮವನ್ನೇ ಪಾತ್ರವಾಗಿ ಮಾಡಹೋದಲ್ಲಿ ಎಲಿಯಟ್ಟಳು ಸೋತಿದ್ದಾಳೆಂಬುದನ್ನು ಮುಚ್ಚಿಡಬೇಕಾಗಿಲ್ಲ. ‘ರೊಮೋಲ’ (೧೮೬೨–೬೩) ಹದಿನೈದನೆಯ ಶತಮಾನದ ಫ್ಲಾರೆನ್ಸಿನ ಕಥೆ. ಪರಿಶ್ರಮವು ಪುಟಪುಟದಲ್ಲಿಯೂ ಕಾಣುತ್ತದೆ, ನಾಯಕಿ ಮಾತ್ರ ಕಾಣುವುದಿಲ್ಲ. ಟಿಟೊ ಮೆಲೆಮನ ಅಧಃಪತನವೊಂದೇ ಅದರ ಜೀವಾಳ. ಕೊನೆಯ ಕಾದಂಬರಿ ‘ಡೇನಿಯಲ್ ಡೆರೊಂಡ’ದ (೧೮೭೬) ನಾಯಕನು ಎಲ್ಲರ ದುಃಖಕ್ಕೂ ಮರುಗಿ ಮರುಗಿ ತನ್ನ ಆಕಾರವನ್ನೇ ಕಳೆದುಕೊಂಡಿದ್ದಾನೆ. ಆತನಿಗೆ ಗಟ್ಟಿನೆಲ ಸಿಗುವುದು ತಾನು ಯಹೂದ್ಯನೆಂದು ತಿಳಿದಮೇಲೆ, ಒಂದು ಜನಾಂಗದ ಹಳೆಯ ಮತದಲ್ಲಿ. ಮನುಷ್ಯಕುಲದ ಮೇಲಿನ ಪ್ರೇಮವೆಂಬುದು ಅಷ್ಟರಿಂದಲೇ ಬಾಳಲಾರದು, ಅದಕ್ಕೆ ಒಂದು ಊರು, ಒಂದು ಪರಂಪರೆ ಬೇಕು, ಎಂಬುದನ್ನು ಎಲಿಯಟ್ಟಳು ನೀತ್ಶೆಗಿಂತ ೧೨ ವರ್ಷ ಮೊದಲೇ ಒಪ್ಪಿದಂತಾಯಿತು.

ಈ ಎಲ್ಲ ಎಳೆಗಳೂ ತೊಡಕಿಲ್ಲದೆ ನೆಯ್ದುಬಂದಿರುವ ಕೃತಿಯು ಎಲ್ಲಕ್ಕೂ ಚಿಕ್ಕದಾದ ‘ಸೈಲಸ್ ಮಾರ್ನರ್’ (೧೮೬೧). ಮಕ್ಕಳ ಪಠ್ಯವೆಂದು ಅದನ್ನು ಕಡೆಗಣಿಸುವುದು ಅನ್ಯಾಯ. ಲ್ಯಾಂಟರ್ನ್ ಯಾರ್ಡ್ ಎಂಬ ಕಿರುಪಂಥದ ಭಕ್ತನಾದ ನೇಕಾರ ಸೈಲಸನ ಮೇಲೆ ಗೆಳೆಯನೇ ಕಳ್ಳತನವನ್ನು ಹೊರಿಸುತ್ತಾನೆ. ಸಭೆಯು ವಿಚಾರಣೆ ಮಾಡುವುದಿಲ್ಲ. ದೇವರ ತೀರ್ಪಿಗಾಗಿ ಚೀಟು ಹಾಕುತ್ತದೆ. ಚೀಟು ಸೈಲಸನನ್ನು ತಪ್ಪಿತಸ್ಥನೆನ್ನುತ್ತದೆ. ದೇವರೇ ಸುಳ್ಳುಸಾಕ್ಷಿ ಹೇಳಿದನೆಂದು ಅವನು ಊರು ಬಿಟ್ಟು, ರಾವೆಲೋ ಎಂಬ ಹಳ್ಳಿಯಲ್ಲಿ ೧೫ ವರ್ಷ ಮಗ್ಗದ ಮುಂದೆ ಕುಳಿತು ಚಿನ್ನವನ್ನು ಕೂಡಿಡುತ್ತಾನೆ. ಚಿನ್ನವು ಕಳುವಾಗುತ್ತದೆ, ಆ ಜಾಗಕ್ಕೆ, ಹಿಮದ ರಾತ್ರಿಯಲ್ಲಿ, ತಾಯಿ ಸತ್ತ ಮಗುವೊಂದು ತೆವಳಿ ಬರುತ್ತದೆ. ಹಿಂದೆ ದೇವದೂತರು ಮಾಡುತ್ತಿದ್ದ ಕೆಲಸವನ್ನು ಈಗ ಒಂದು ಮಗುವಿನ ಕೈಯೂ ಮಾಡಬಹುದೆಂದು ಲೇಖಕಿ ಹೇಳುವಲ್ಲಿ ಫಾಯರ್ಬಾಖನಿದ್ದಾನೆ. ಆದರೆ ಮಗು ಅವನಿಗಿಂತ ಮುಂದಿದೆ.

ನೆರೆಯ ಡಾಲಿ ವಿನ್‌ತ್ರಾಪಳು ಸೈಲಸನಿಗೆ ಹಿಟ್ಟಿನ ತಿಂಡಿಯನ್ನು ಮಾಡಿ ತರುತ್ತಾಳೆ. ಅದರ ಮೇಲೆ ಏಸುವಿನ ಹೆಸರನ್ನು ಸೂಚಿಸುವ ಮೂರು ಅಕ್ಷರಗಳ ಮುದ್ರೆ. ಚರ್ಚಿನ ವಸ್ತ್ರದ ಮೇಲೆ ಇರುವುದರಿಂದ ಅವು ಒಳ್ಳೆಯ ಅಕ್ಷರಗಳಾಗಿರಬೇಕೆಂದು ಅವಳ ನಂಬಿಕೆ. ಅವುಗಳ ಅರ್ಥ ಅವಳಿಗೂ ತಿಳಿಯದು, ಅಕ್ಷರ ಬಲ್ಲ ಸೈಲಸನಿಗೂ ತಿಳಿಯದು. ಆದರೂ ಆ ತಿಂಡಿಯೊಂದಿಗೆ ಬರಬೇಕಾದದ್ದು ಬಂದಿತು. ಸ್ಟ್ರಾಸನ ಗ್ರಂಥದ ೩ ಸಂಪುಟಗಳನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಅರ್ಥ ಹೇಳಿದವಳೇ ಈ ಓದಲಾಗದ ಅಕ್ಷರಗಳನ್ನೂ ಬರೆದದ್ದು.

ಸುಮಾರು ೩೦ ವರ್ಷಗಳ ಮೇಲೆ ಸೈಲಸನು ಸಾಕುಮಗಳು ಎಪ್ಪಿಯನ್ನು ಕರೆದುಕೊಂಡು ಲ್ಯಾಂಟರ್ನ್ ಯಾರ್ಡಿಗೆ ಹೋಗುತ್ತಾನೆ. ಆ ಚೀಟು ಏಕೆ ಹಾಗೆ ಬಿದ್ದಿತೆಂದು ಕೇಳಬೇಕು, ನಿಜವಾದ ಕಳ್ಳನು ಸಿಕ್ಕಿದನೋ ತಿಳಿಯಬೇಕು. ಅಲ್ಲಿ ಪ್ರಾರ್ಥನಾಮಂದಿರವಿಲ್ಲ, ಪಂಥವಿಲ್ಲ, ಕೇಳುವುದಕ್ಕೆ ಒಬ್ಬ ಪರಿಚಿತನೂ ಇಲ್ಲ. ಒಂದು ದೊಡ್ಡ ಕಾರ್ಖಾನೆಯಿದೆ, ಅದರ ಬಾಗಿಲಿನಿಂದ ಗಂಡಸರೂ ಹೆಂಗಸರೂ ಮಧ್ಯಾಹ್ನದ ಊಟಕ್ಕೆ ಹೊರಬರುತ್ತಿದ್ದಾರೆ. ಊರಿಗೆ ಹಿಂತಿರುಗಿ ಡಾಲಿಗೆ ಇದನ್ನು ಹೇಳಿದಾಗ, ಅದರ ನ್ಯಾಯವು ಇನ್ನು ಸೈಲಸನಿಗೆ ತಿಳಿಯುವುದಿಲ್ಲವೆಂದೂ, ತಿಳಿಯದಷ್ಟಕ್ಕೆ ನ್ಯಾಯವೇ ಇಲ್ಲವೆಂದಾಗದೆಂದೂ ಅವಳು ಸಮಾಧಾನ ಹೇಳುತ್ತಾಳೆ. ಸೈಲಸನು ಅದನ್ನು ಒಪ್ಪುತ್ತಾನೆ. ಮಗು ಬಂದಮೇಲೆ ನಂಬುವುದಕ್ಕೆ ಬೇಕಾದಷ್ಟು ಬೆಳಕಿದೆಯೆನ್ನುತ್ತಾನೆ. ಯಾರನ್ನು ನಂಬುವುದೆಂದು ಅವನು ಹೇಳುವುದಿಲ್ಲ, ಡಾಲಿಯೂ ಕೇಳುವುದಿಲ್ಲ.